ಮೂರು ಸ್ಕ್ರೂ ಡ್ರೈವರ್, ಎಂಟು ಮಿಷನ್

ನನ್ನ ಹೊಲಿಗೆ ಮಿಷನ್ನಿಗೆ ತೆಂಗಿನೆಣ್ಣೆ ಹಾಕಿದವಳು ನಾನೇ. ತಪ್ಪನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಮಳೆಗಾಲದ ಒಂದು ಸಂಜೆ ಮಿಷನ್ ಎಣ್ಣೆಯ ಡಬ್ಬಿ ಖಾಲಿಯಾಗಿತ್ತು, ಮರುದಿನ ಕೊಡಬೇಕಾದ ನಾಲ್ಕು ರವಿಕೆ ಬಾಕಿ ಇತ್ತು, ಆ ಮಳೆಯಲ್ಲಿ ಅಂಗಡಿಗೆ ಹೋಗಲು ನನಗೆ ಸೋಮಾರಿತನ. ಅಡುಗೆಮನೆಯಲ್ಲಿ ಎಣ್ಣೆ ಇತ್ತು. ನಮ್ಮ ಕಾಪುವಿನ ಮನೆಗಳಲ್ಲಿ ತೆಂಗಿನೆಣ್ಣೆ ತಾಗದ ವಸ್ತು ಯಾವುದಿದೆ? ತಲೆಗೆ ಅದೇ, ಮೀನು ಹುರಿಯಲು ಅದೇ, ಕಿರುಗುಟ್ಟುವ ಬಾಗಿಲಿಗೆ ಅದೇ. ಮಿಷನ್ನಿಗೂ ನಾಲ್ಕು ಹನಿ ಬಿಟ್ಟೆ. ಅದು ಸದ್ದಿಲ್ಲದೆ ಓಡಿತು. ನನ್ನ ಬುದ್ಧಿಯ ಬಗ್ಗೆ ನನಗೇ ಬಹಳ ಹೆಮ್ಮೆಯಾಯಿತು. ಆಮೇಲೆ ಎರಡು ವರ್ಷ ನಾನು ಮಿಷನ್ ಎಣ್ಣೆ ತರಲೇ ಇಲ್ಲ.

ತೆಂಗಿನೆಣ್ಣೆ ಒಳಗೆ ಕೂತು ನಿಧಾನವಾಗಿ ಅಂಟಾಗುತ್ತದೆ. ಅದಕ್ಕೆ ನೂಲಿನ ಧೂಳು ಸೇರುತ್ತದೆ, ಸಮುದ್ರದ ಉಪ್ಪುಗಾಳಿ ಸೇರುತ್ತದೆ. ಕೊನೆಗೆ ಒಂದು ದಿನ ಪೆಡಲ್ ಒತ್ತಿದರೆ ಚಕ್ರ ಅಲ್ಲಾಡುವುದಿಲ್ಲ, ಬಿಚ್ಚಲು ಹೋದರೆ ಸ್ಕ್ರೂ ಕೂಡ ಅಲ್ಲಾಡುವುದಿಲ್ಲ. ನನಗೆ ಹಾಗೆಯೇ ಆಯಿತು, ಅದೂ ಮದುವೆಯ ಸೀಸನ್ನಿನಲ್ಲಿ.

ಮನೆಯ ಶೋಕೇಸಿನಲ್ಲಿ ಒಂದು ಕೆಂಪು ಪೆಟ್ಟಿಗೆ ಇತ್ತು. ದುಬಾಯಿಯಿಂದ ತಮ್ಮ ತಂದು ಕೊಟ್ಟ ಸ್ಕ್ರೂ ಡ್ರೈವರ್ ಸೆಟ್. ನಮ್ಮ ಕಡೆ ಇಂಥ ಪೆಟ್ಟಿಗೆ ಇಲ್ಲದ ಮನೆ ಕಡಿಮೆ. ಗಲ್ಫಿನಿಂದ ಬಂದದ್ದು ಎಂದರೆ ಗಟ್ಟಿ ಎಂದು ಎಲ್ಲರ ನಂಬಿಕೆ. ಅದನ್ನು ಯಾರೂ ಬಳಸುವುದಿಲ್ಲವಾದ್ದರಿಂದ ಆ ನಂಬಿಕೆಗೆ ಯಾವತ್ತೂ ಪೆಟ್ಟು ಬೀಳುವುದೂ ಇಲ್ಲ. ನಾನು ಅದರಿಂದ ಒಂದು ಡ್ರೈವರ್ ತೆಗೆದು, ಸೂಜಿಯ ಕೆಳಗಿನ ತಟ್ಟೆಯ ಸ್ಕ್ರೂವಿಗೆ ಇಟ್ಟು ತಿರುಗಿಸಿದೆ. ಸ್ಕ್ರೂ ಇದ್ದಲ್ಲೇ ಇತ್ತು. ಡ್ರೈವರಿನ ತುದಿ ತಿರುಚಿಕೊಂಡಿತು. ಜಾರಿದ ತುದಿ ಸ್ಕ್ರೂವಿನ ತಲೆಯ ಗೀರಿನ ಒಂದು ಮೂಲೆಯನ್ನೂ ಕೆತ್ತಿ ಹಾಕಿತು.

ಆಗ ಉಡುಪಿಯ ಮಿಷನ್ ರಿಪೇರಿಯವರಿಗೆ ಫೋನ್ ಮಾಡಿದೆ. ಕಾಪುವಿನಿಂದ ಕಾರ್ಕಳದವರೆಗೆ ಹೊಲಿಗೆ ಮಿಷನ್ ಕೆಟ್ಟರೆ ಎಲ್ಲರೂ ಕರೆಯುವುದು ಅವರನ್ನೇ.

"ನಿಮ್ಮ ಡ್ರೈವರ್ ಒಂದು ದಿನಕ್ಕೆ ಕೊಡ್ತೀರಾ? ನಾನೇ ಬಂದು ತಕೊಂಡು ಹೋಗ್ತೇನೆ" ಎಂದೆ.

"ಡ್ರೈವರ್ ಕೊಡ್ಲಿಕ್ಕಿಲ್ಲಮ್ಮ. ಬೇಕಾದ್ರೆ ನಾನೇ ಬರ್ತೇನೆ" ಎಂದರು.

ಬಂದದ್ದು ಹದಿನಾರು ದಿನ ಕಳೆದು. ಅಷ್ಟರಲ್ಲಿ ಮದುವೆಯ ರವಿಕೆಗಳೆಲ್ಲ ಬೇರೆ ಅಂಗಡಿಗೆ ಹೋಗಿದ್ದವು. ಅವರು ಅರ್ಧ ಗಂಟೆಯಲ್ಲಿ ಮಿಷನ್ ಬಿಚ್ಚಿ ತೊಳೆದು ಜೋಡಿಸಿದರು. ಕೆತ್ತಿ ಹೋದ ಸ್ಕ್ರೂವನ್ನು ಬದಲಿಸಿ, ಹಳೆಯದನ್ನು ನನ್ನ ಅಂಗೈಗೆ ಹಾಕಿ, "ಹೆಂಗಸರ ಕೈಗೆ ಡ್ರೈವರ್ ಸಿಕ್ಕಿದ್ರೆ ಹೀಗೇ ಆಗುದು" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಅರ್ಧ ಗಂಟೆಯೂ ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಯಾವುದನ್ನು ಮೊದಲು ಬಿಚ್ಚಿದರು, ಯಾವುದನ್ನು ಯಾವುದರ ಪಕ್ಕದಲ್ಲಿ ಇಟ್ಟರು, ಎಲ್ಲವನ್ನೂ ನೋಡಿಟ್ಟುಕೊಂಡಿದ್ದೆ. ಆ ಹಾಳಾದ ಸ್ಕ್ರೂವನ್ನು ಬಿಸಾಡದೆ ಪರ್ಸಿನಲ್ಲಿ ಇಟ್ಟುಕೊಂಡೆ.

ಆ ವರ್ಷವೆಲ್ಲ ನನ್ನ ಮಿಷನ್ನನ್ನು ಸುಮ್ಮಸುಮ್ಮನೆ ಬಿಚ್ಚಿ ಜೋಡಿಸಿದೆ. ತೊಳೆದು ಸಡಿಲವಾದ ಸ್ಕ್ರೂಗಳಿಗೆ ಕೆಂಪು ಪೆಟ್ಟಿಗೆಯ ಉಳಿದ ಡ್ರೈವರುಗಳೇ ಸಾಕಾಗಿದ್ದವು. ಹೊಲಿಗೆ ಬರುವುದೇ ಕಡಿಮೆಯಾಗಿತ್ತು. ಚೂಡಿದಾರ, ರವಿಕೆ ಎಲ್ಲ ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುವ ಕಾಲ ಇದು. ಇಪ್ಪತ್ತೆರಡು ವರ್ಷದಿಂದ ನಡೆಸಿದ ಮನೆಗೆ ತಾಗಿದ ನನ್ನ ಒಂದು ಕೋಣೆಯ ಅಂಗಡಿಗೆ ಈಗ ಬರುವವರು ಉದ್ದ ಗಿಡ್ಡ ಮಾಡಿಸಲಷ್ಟೇ ಬರುತ್ತಿದ್ದರು. ಬಾಡಿಗೆ ಕಟ್ಟುವುದೇ ಕಷ್ಟವಾಗಿತ್ತು. ನನಗೆ ಭಯವಾಗುತ್ತಿತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೀಗಿರುವಾಗ ಹೋದ ಮೇ ತಿಂಗಳಲ್ಲಿ ಶಿರ್ವದಿಂದ ಒಬ್ಬರು ಟೀಚರ್ ಬಂದರು. ಶಾಲೆಯಿಂದ ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು, ನನ್ನ ಹಳೆಯ ಗಿರಾಕಿ. ಅವರು ಊರಿನ ಹೆಣ್ಣುಮಕ್ಕಳಿಗಾಗಿ ಹೊಲಿಗೆ ತರಗತಿ ನಡೆಸುತ್ತಿದ್ದರು, ಕಲಿಸುವವರು ಸಿಗದೆ ಅದು ನಾಲ್ಕು ವರ್ಷ ಮುಚ್ಚಿತ್ತು. ಜೂನಿನಲ್ಲಿ ಮತ್ತೆ ತೆರೆಯಬೇಕೆಂದು ನೋಡಿದರೆ ಎಂಟು ಮಿಷನ್‌ಗಳಲ್ಲಿ ಒಂದೂ ತಿರುಗುತ್ತಿರಲಿಲ್ಲ.

"ತುಕ್ಕು ಹಿಡಿಯಬಾರ್ದು ಅಂತ ಮುಚ್ಚುವ ಮುಂಚೆ ಎಲ್ಲದಕ್ಕೂ ಧಾರಾಳ ಎಣ್ಣೆ ಹಾಕಿದ್ದೆ" ಎಂದರು.

"ಯಾವ ಎಣ್ಣೆ ಟೀಚರ್?" ಎಂದೆ. ಉತ್ತರ ನನಗೆ ಮೊದಲೇ ಗೊತ್ತಿತ್ತು.

"ನಮ್ಮ ತೋಟದ್ದೇ. ಒಳ್ಳೇ ಗಾಣದ ಎಣ್ಣೆ."

ಉಡುಪಿಯ ರಿಪೇರಿಯವರು ಬಂದು ನೋಡಿ ಕೈಚೆಲ್ಲಿದ್ದರಂತೆ. ಸ್ಕ್ರೂಗಳನ್ನೆಲ್ಲ ಡ್ರಿಲ್ ಮಾಡಿ ತೆಗೆಯಬೇಕು, ಅದಕ್ಕಿಂತ ಹೊಸ ಮಿಷನ್ ಅಗ್ಗ, ಬೇಕಾದರೆ ಎಂಟನ್ನೂ ಗುಜರಿ ರೇಟಿಗೆ ತಾನೇ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಮುಂದಿನ ವಾರದ ಶನಿವಾರ ಟೆಂಪೋ ತರುವುದೆಂದು ಮಾತಾಗಿತ್ತು. ಹೊಸ ಎಂಟು ಮಿಷನ್ ಕೊಳ್ಳುವ ಶಕ್ತಿ ಟೀಚರಿಗೆ ಇರಲಿಲ್ಲ. ಮಿಷನ್ ಹೋದರೆ ತರಗತಿಯೂ ಹೋದಂತೆ.

"ಅಷ್ಟರೊಳಗೆ ನೀನು ಎಂಟನ್ನೂ ಓಡಿಸಿದ್ರೆ ತರಗತಿ ನಿನ್ನದೇ. ಕಲಿಸು, ಮಿಷನ್ನನ್ನೂ ನೋಡ್ಕೋ. ತಿಂಗಳ ಸಂಬಳ ಕೊಡ್ತೇನೆ. ಆದರೆ ಸ್ಕ್ರೂ ತಲೆ ಮುರಿದು ಇಟ್ರೆ ಗುಜರಿಯವರೂ ತಕೊಳ್ಳುದಿಲ್ಲ, ಅಲ್ವಾ" ಎಂದರು ಟೀಚರ್.

ನನಗೆ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಕೈಯಲ್ಲಿ ಒಂದು ಗಟ್ಟಿ ಡ್ರೈವರೂ ಇಲ್ಲದೆ, ಆಗಲಿ ಎಂದು ತಲೆಯಾಡಿಸಿಬಿಟ್ಟೆ.

ನನ್ನ ಗಂಡ ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಕೆಲಸದವರು. ಯಂತ್ರಗಳ ಸಹವಾಸ ಅವರಿಗೆ ಹಳೆಯದು. ವಿಷಯ ಕೇಳಿ ಊಟದ ಮಧ್ಯೆ ಕೈ ನಿಲ್ಲಿಸಿದರು.

"ನಿನ್ನ ಹತ್ರ ಡ್ರೈವರೇ ಇಲ್ಲ ಮಾರಾಯ್ತಿ. ಆ ದುಬಾಯಿಯದ್ದರಲ್ಲಿ ಬೆಣ್ಣೆ ತೆಗೀಲಿಕ್ಕೂ ಆಗುದಿಲ್ಲ."

"ಐನೂರು ರೂಪಾಯಿ ಉಂಟು."

"ಒಳ್ಳೆ ಸೆಟ್ಟಿಗೆ ಅದರ ಐದು ಪಾಲು ಬೇಕು."

"ಸೆಟ್ ಯಾರಿಗೆ ಬೇಕು? ಮಿಷನ್ನಿಗೆ ಬೇಕಾದದ್ದು ಮೂರೇ. ತಟ್ಟೆಗೆ ಒಂದು ನಡುವಿನದ್ದು, ಅಡಿಯ ದೊಡ್ಡ ಸ್ಕ್ರೂವಿಗೆ ಒಂದು ಉದ್ದದ್ದು, ಸೂಜಿ ಹಿಡಿದ ಆ ತೋಳಿನ ಕೆಳಗೆ ತೂರಿಸ್ಲಿಕ್ಕೆ ಒಂದು ಗಿಡ್ಡ."

 ಮರುದಿನ ಅವರು ಕೆಲಸ ಮುಗಿಸಿ ಬರುವಾಗ ಮುರಿದ ಅರದ ಒಂದು ತುಂಡು ತಂದು ಮೇಜಿನ ಮೇಲಿಟ್ಟರು. ಕಬ್ಬಿಣ ಉಜ್ಜುವ ಆ ಅರ ಬೆರಳುದ್ದ ಮಾತ್ರ ಉಳಿದಿತ್ತು. "ಇದರಲ್ಲಿ ಡ್ರೈವರಿನ ತುದಿ ಉಜ್ಜಿ ನೋಡು. ಮೆತ್ತಗಿನದ್ದಾದ್ರೆ ಅರ ಕಚ್ತದೆ, ಪುಡಿ ಬೀಳ್ತದೆ. ಗಟ್ಟಿಯದ್ದಾದ್ರೆ ಜಾರ್ತದೆ. ಬಣ್ಣಕ್ಕೆ ಮರುಳಾಗ್ಬೇಡ" ಎಂದರು. ಮೊದಲು ಕೆಂಪು ಪೆಟ್ಟಿಗೆಯದ್ದನ್ನೇ ಉಜ್ಜಿದೆ. ಬೆಳ್ಳಿಯ ಬಣ್ಣ ಎರಡೇ ಎಳೆತಕ್ಕೆ ಕಿತ್ತು ಬಂತು, ಅಡಿಯಲ್ಲಿ ಬೂದು ಪುಡಿ ಉದುರಿತು. ಇಷ್ಟು ವರ್ಷ ಇದರ ಧೂಳು ಒರೆಸಿದ್ದು ನೆನೆದು ನಗು ಬಂತು.

ಪರ್ಸಿನಲ್ಲಿ ಹಳೆಯ ಸ್ಕ್ರೂ, ಅರದ ತುಂಡು ಇಟ್ಟುಕೊಂಡು ಉಡುಪಿಯ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ಒಂದು ಹಳೆಯ ಹಾರ್ಡ್‌ವೇರ್ ಅಂಗಡಿ. ಕೌಂಟರಿನಲ್ಲಿದ್ದ ಯಜಮಾನರು ಕನ್ನಡಕದ ಮೇಲಿಂದ ನೋಡಿದರು.

"ಚಪ್ಪಟೆ ಬಾಯಿಯ ಸ್ಕ್ರೂ ಡ್ರೈವರ್ ಬೇಕಿತ್ತು."

"ಮನೆಗಾ?"

"ಕೆಲಸಕ್ಕೆ."

ನಾನು ಕೆಲಸಕ್ಕೆ ಎಂದರೂ ಅವರು ತೆಗೆದದ್ದು ಮನೆಯದ್ದನ್ನೇ. ಹಳದಿ ಹಿಡಿ, ನೋಡಲು ಚಂದ, ಹಿಂದೆ ಟೆಸ್ಟರಿನ ಬಲ್ಬು ಬೇರೆ. ನಾನು ಪರ್ಸಿನಿಂದ ಸ್ಕ್ರೂ ತೆಗೆದು ಅದರ ಗೀರಿನಲ್ಲಿ ತುದಿಯನ್ನು ಇಟ್ಟು ನೋಡಿದೆ. ಕೆಳಗೆ ತೆಳ್ಳಗೆ, ಮೇಲೆ ದಪ್ಪ. ಇಂಥ ತುದಿ ಗೀರಿನ ತಳ ಮುಟ್ಟುವುದಿಲ್ಲ, ಅಂಚಿನಲ್ಲೇ ನಿಂತು ಜಾರುತ್ತದೆ. ನನ್ನ ಸ್ಕ್ರೂ ಹಾಳಾದದ್ದೇ ಹಾಗೆ. ಎರಡನೆಯದು ಗೀರಿಗಿಂತ ಅಗಲ. ಮೂರನೆಯದು ಅಲುಗಾಡಿತು. ಏಳನೆಯದು ಸ್ಕ್ರೂವಿನ ಗೀರನ್ನು ಪೂರ್ತಿ ತುಂಬಿತು. ಡ್ರೈವರನ್ನು ನೆಟ್ಟಗೆ ಹಿಡಿದು ತಲೆಕೆಳಗು ಮಾಡಿದೆ, ಸ್ಕ್ರೂ ಒಂದು ಕ್ಷಣ ಬೀಳದೆ ಅಲ್ಲೇ ಕಚ್ಚಿಕೊಂಡಿತ್ತು. ಆಗ ಅರದ ತುಂಡು ತೆಗೆದೆ.

"ಏನಮ್ಮ, ಅಂಗಡಿ ಮಾಲಿಗೆ ಅರ ಹಾಕ್ತೀರಾ?" ಯಜಮಾನರ ದನಿ ಏರಿತು.

"ಜಾರಿದ್ರೆ ನಾನು ತಕೊಳ್ತೇನೆ. ಕಚ್ಚಿದರೂ ನಾನೇ ತಕೊಳ್ತೇನೆ, ಆದರೆ ಕಚ್ಚಿತು ಅಂತ ಹೊರಗೆ ಹೋಗಿ ಹೇಳ್ತೇನೆ."

ತುದಿಗೆ ಅರ ಹಾಕಿ ಉಜ್ಜಿದೆ. ಅರ ಜಾರಿತು, ತುದಿಯ ಮೇಲೆ ಒಂದು ಗೆರೆಯೂ ಮೂಡಲಿಲ್ಲ. ಯಜಮಾನರು ಕೈ ಚಾಚಿ ಅರವನ್ನು ಇಸಿದುಕೊಂಡು, ಆ ಹಳದಿ ಹಿಡಿಯದ್ದನ್ನು ತಾವೇ ಉಜ್ಜಿ ನೋಡಿದರು. ಪುಡಿ ಬಿತ್ತು. "ಇದನ್ನೇ ಹತ್ತು ವರ್ಷದಿಂದ ಮಾರ್ತಾ ಇದ್ದೇನೆ ನಾನು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನನ್ನ ಡ್ರೈವರನ್ನು ತಿರುಗಿಸಿ, ಅದರ ಉಕ್ಕಿನ ಕಡ್ಡಿ ಹಿಡಿಯ ಒಳಗಿಂದ ಹಾದು ಹಿಂದಿನ ತುದಿಯವರೆಗೆ ಬಂದಿರುವುದನ್ನು ತೋರಿಸಿದರು. ಸುತ್ತಿಗೆಯಿಂದ ತಟ್ಟಿದರೂ ಹಿಡಿ ಒಡೆಯುವುದಿಲ್ಲವಂತೆ. ಇನ್ನೂರೈವತ್ತಕ್ಕೆ ಕೊಟ್ಟರು. ಬಜೆಟ್ಟಿನ ಅರ್ಧ ಒಂದೇ ಡ್ರೈವರಿಗೆ ಹೋಯಿತು, ನನಗೆ ಒಂದಿಷ್ಟೂ ಬೇಸರವಾಗಲಿಲ್ಲ.

ಉದ್ದದ್ದು ಸಿಕ್ಕಿದ್ದು ಮಣಿಪಾಲದಲ್ಲಿ. ಮೇ ತಿಂಗಳಲ್ಲಿ ಪರೀಕ್ಷೆ ಮುಗಿದು ಹಾಸ್ಟೆಲುಗಳು ಖಾಲಿಯಾಗುತ್ತವೆ, ಗುಜರಿ ಅಂಗಡಿಗಳು ತುಂಬುತ್ತವೆ. ಊರಿಗೆ ಹೋಗುವ ವಿದ್ಯಾರ್ಥಿಗಳು ಕೆಟಲ್, ಬಕೆಟ್, ಟೇಬಲ್ ಫ್ಯಾನ್ ಎಲ್ಲವನ್ನೂ ಬಿಟ್ಟು ಹೋಗುತ್ತಾರೆ. ಇಂಜಿನಿಯರಿಂಗ್ ಓದಿದವರು ಸ್ಪ್ಯಾನರ್, ಡ್ರೈವರುಗಳನ್ನೂ ಬಿಟ್ಟು ಹೋಗುತ್ತಾರೆ. ಗುಜರಿಯವನು ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದಿದ್ದ. ಬಿಸಿಲಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ಗಂಟೆ ಕೆದಕಿದೆ. ಹಿಡಿಯ ಮೇಲೆ ಯಾರದೋ ಪೆನ್ನಿನ ಗೀಚು ಇದ್ದ ಒಂದು ಉದ್ದದ ಡ್ರೈವರ್ ಸಿಕ್ಕಿತು. ತುದಿಯಲ್ಲಿ ತುಕ್ಕಿತ್ತು. ತುಕ್ಕಿನ ಕೆಳಗೆ ಅರ ಜಾರಿತು. ಐವತ್ತು ರೂಪಾಯಿ ಕೊಟ್ಟು ಅಲ್ಲಿಂದ ಬೇಗ ಹೊರಟೆ, ಅವನು ಮನಸ್ಸು ಬದಲಿಸಿಬಿಟ್ಟರೆ ಎಂದು.

ಗಿಡ್ಡದ್ದು ಮಾತ್ರ ಎಲ್ಲೂ ಸಿಗಲಿಲ್ಲ. ಅಂಗಡಿಯ ಗಿಡ್ಡ ಡ್ರೈವರುಗಳ ತುದಿಯೆಲ್ಲ ಅಗಲ, ಮಿಷನ್ನಿನ ತೋಳಿನ ಕೆಳಗಿನ ಸ್ಕ್ರೂವಿಗೆ ಕೂರುತ್ತಿರಲಿಲ್ಲ. ಇನ್ನು ಉಳಿದದ್ದು ಕಾರ್ಕಳ. ಅದು ನನ್ನ ತವರು. ಅಲ್ಲಿ ಶಿಲ್ಪಿಗಳ ಉಳಿಯನ್ನು ಕಾಯಿಸಿ ಅದ್ದಿ ಹದ ಹಾಕಿಕೊಡುವ ಒಬ್ಬರು ಕಮ್ಮಾರ ಆಚಾರ್ಯರ ಕುಲುಮೆ ಇದೆ, ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಅದರ ಮುಂದೆ ನಿಂತು ನೋಡುತ್ತಿದ್ದೆ. ಹಗಲಿಡೀ ಕರಿಗಲ್ಲಿಗೆ ಬಡಿದರೂ ಬಾಗದ ಉಳಿ ಮಾಡುವವರಿಗೆ ನನ್ನ ಸ್ಕ್ರೂ ಯಾವ ಲೆಕ್ಕ ಎಂದುಕೊಂಡು ಹೋದೆ.

ಕೆಂಪು ಪೆಟ್ಟಿಗೆಯ ಗಿಡ್ಡ ಡ್ರೈವರನ್ನು ಅವರ ಮುಂದಿಟ್ಟು, "ಆಚಾರ್ರೇ, ಇದಕ್ಕೆ ಹದ ಹಾಕಿ ಕೊಡ್ತೀರಾ?" ಎಂದೆ.

ಅವರು ಅದನ್ನು ಉಗುರಿನಿಂದ ಮೀಟಿ ಅದರ ಸದ್ದು ಕೇಳಿದರು. "ಇದಕ್ಕೆ ಹದ ಹತ್ತುದಿಲ್ಲ. ಹತ್ಲಿಕ್ಕೆ ಇದರಲ್ಲಿ ಎಂತದೂ ಇಲ್ಲ. ಬೇರೆ ಎಂತ ಉಂಟು ನಿಮ್ಮ ಹತ್ರ?"

"ಎಂತದೂ ಇಲ್ಲ. ಈ ಅರದ ತುಂಡು ಉಂಟು, ಡ್ರೈವರ್ ಪರೀಕ್ಷೆ ಮಾಡ್ಲಿಕ್ಕೆ."

"ಇದೇ ಉಂಟಲ್ಲ. ಇದಕ್ಕಿಂತ ಒಳ್ಳೆ ಉಕ್ಕು ಎಲ್ಲಿಂದ ತರ್ತೀರಿ?"

ಅವರು ಅರವನ್ನು ಕೆಂಡದಲ್ಲಿಟ್ಟು ಕೆಂಪಗೆ ಮಾಡಿ ಬಡಿದರು. ನನ್ನ ಹಳೆಯ ಸ್ಕ್ರೂವನ್ನು ಪಕ್ಕದಲ್ಲಿಟ್ಟುಕೊಂಡು ತುದಿಯನ್ನು ಅಳೆದು ಅಳೆದು ತಿದ್ದಿದರು; ತೋಳಿನ ಕೆಳಗಿನ ಸ್ಕ್ರೂವಿಗೂ ಅದೇ ಅಳತೆಯ ಗೀರು. ಆಮೇಲೆ ಮತ್ತೆ ಕಾಯಿಸಿ ಎಣ್ಣೆಗೆ ಅದ್ದಿದರು. ಅಲ್ಲಿಗೆ ಮುಗಿಯಿತೆಂದು ಕೈ ಚಾಚಿದೆ, ಅವರು ಕೊಡಲಿಲ್ಲ. ಈಗ ಇದು ಗಾಜಿನ ಹಾಗೆ, ತಿರುಗಿಸಿದರೆ ತುದಿ ಮುರಿಯುತ್ತದೆ ಎಂದರು. ತುದಿಯನ್ನು ಬೆಳ್ಳಗೆ ಉಜ್ಜಿ, ಹಿಂಬದಿಯಿಂದ ನಿಧಾನವಾಗಿ ಕಾಯಿಸುತ್ತ ಬಣ್ಣ ನೋಡಲು ಹೇಳಿದರು. ಮೊದಲು ಒಣಹುಲ್ಲಿನ ಬಣ್ಣ ಹರಿಯಿತು, ಆಮೇಲೆ ಕಂದು, ಆಮೇಲೆ ನೇರಳೆ. ನೇರಳೆ ತುದಿಗೆ ಬಂದದ್ದೇ ನೀರಿಗೆ ಅದ್ದಿದರು. ಗಟ್ಟಿಯೂ ಇರಬೇಕು, ಸ್ವಲ್ಪ ಬಗ್ಗುವ ಗುಣವೂ ಇರಬೇಕು, ಅದು ಈ ಬಣ್ಣದಲ್ಲಿ ಇದೆ ಎಂದರು. ಹಲಸಿನ ಮರದ ಗಿಡ್ಡ ಹಿಡಿ ಹಾಕಿ ಕೊಟ್ಟು ನೂರೈವತ್ತು ತೆಗೆದುಕೊಂಡರು. ಬಸ್ಸಿನ ಖರ್ಚಿಗೆ ಐವತ್ತು ಉಳಿಯಿತು. ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದೆ.

ಬುಧವಾರ ಶಿರ್ವದಲ್ಲಿ ಕೆಲಸ ಶುರು ಮಾಡಿದೆ. ಡ್ರೈವರ್ ಒಳ್ಳೆಯದಾದ ಮಾತ್ರಕ್ಕೆ ಅಂಟು ಬಿಡುವುದಿಲ್ಲ ಎಂದು ಮೊದಲ ಸ್ಕ್ರೂವೇ ತೋರಿಸಿತು. ಕೈ ನೋಯುವವರೆಗೆ ತಿರುಗಿಸಿದರೂ ಅಲ್ಲಾಡಲಿಲ್ಲ. ಆದರೆ ತುದಿ ಜಾರಲೂ ಇಲ್ಲ, ಗೀರೂ ಕೆಡಲಿಲ್ಲ. ಅಷ್ಟಕ್ಕೇ ನನಗೆ ಧೈರ್ಯ ಬಂತು. ತೆಂಗಿನೆಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಕರಗುತ್ತದೆ ಎಂದು ನಮ್ಮೂರಿನ ಯಾವ ಹೆಂಗಸಿಗೆ ಗೊತ್ತಿಲ್ಲ? ಅಂಟಾದದ್ದೂ ಬಿಸಿಗೆ ಸ್ವಲ್ಪ ಮೆತ್ತಗಾಗಲೇಬೇಕು. ನಾನು ದರ್ಜಿ, ನನ್ನ ಬಳಿ ಇಸ್ತ್ರಿ ಪೆಟ್ಟಿಗೆ ಇದೆ. ಅದನ್ನು ಕಾಯಿಸಿ, ಚೂಪಾದ ಮೂತಿಯನ್ನು ಸ್ಕ್ರೂವಿನ ತಲೆಗೆ ಒತ್ತಿ ಹಿಡಿದೆ. ಐದು ನಿಮಿಷದಲ್ಲಿ ಕೋಣೆಯಲ್ಲೆಲ್ಲ ಹಳೆಯ ಎಣ್ಣೆಯ ವಾಸನೆ. ಡ್ರೈವರ್ ಇಟ್ಟು ಹಿಂದಿನಿಂದ ಎರಡು ಸಲ ತಟ್ಟಿದೆ. ಐಸ್ ಪ್ಲಾಂಟಿನ ಬೋಲ್ಟುಗಳ ಬಗ್ಗೆ ಗಂಡ ಹೇಳಿದ್ದು ನೆನಪಾಯಿತು, ಮೊದಲು ಇನ್ನಷ್ಟು ಬಿಗಿ ಮಾಡು, ಆಮೇಲೆ ಸಡಿಲಿಸು. ಕೂದಲೆಳೆಯಷ್ಟು ಬಿಗಿ ಮಾಡಿ ಹಿಂದಕ್ಕೆ ತಿರುಗಿಸಿದೆ. ಟಿಕ್ ಎಂದು ಬಿಟ್ಟಿತು.

ಆ ಸದ್ದಿಗೆ ನಾನು ಕುರ್ಚಿಯಲ್ಲಿ ಕೂತು ಒಬ್ಬಳೇ ನಕ್ಕೆ. ಟೀಚರ್ ಓಡಿ ಬಂದು ಎಂತ ಆಯ್ತು ಎಂದು ಕೇಳಿದರು.

ಶುಕ್ರವಾರ ಸಂಜೆಗೆ ಏಳು ಮಿಷನ್ ಓಡುತ್ತಿದ್ದವು. ಬಿಚ್ಚಿದ ಭಾಗಗಳು ಆರಿದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸರಿಯಾದ ಮಿಷನ್ ಎಣ್ಣೆ ಬಿಟ್ಟು ಜೋಡಿಸಿದ್ದೆ. ಎಂಟನೆಯದು ಹಟ ಹಿಡಿದಿತ್ತು. ಅದರ ತೋಳಿನ ಕೆಳಗಿನ ಸ್ಕ್ರೂ ತುಕ್ಕು, ಅಂಟು ಎರಡನ್ನೂ ಕುಡಿದಿತ್ತು. ಇಸ್ತ್ರಿಯ ಮೂತಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮಾತು ಎಂಟರದ್ದು, ಏಳರದ್ದಲ್ಲ. ಮನೆಗೆ ಬಂದು ಸರಿಯಾಗಿ ಊಟ ಮಾಡಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಸ್ಕ್ರೂವಿಗೆ ಮುಟ್ಟದಿದ್ದರೆ ಬೇಡ, ತೋಳಿಗೇ ಬಿಸಿ ಕೊಡೋಣ. ಇಸ್ತ್ರಿ ಪೆಟ್ಟಿಗೆಯನ್ನು ತೋಳಿನ ಬೆನ್ನಿಗೆ ಒತ್ತಿ, ಮೇಲೆ ದಪ್ಪ ಬಟ್ಟೆ ಹೊದೆಸಿ, ಕಣ್ಣು ತೆಗೆಯದೆ ಕಾದು ಕೂತೆ. ಕಾಲು ಗಂಟೆ ಆಗುವಾಗ ಹೊರಗೆ ಟೆಂಪೋ ನಿಂತ ಸದ್ದು. ಉಡುಪಿಯ ರಿಪೇರಿಯವರು ಒಳಗೆ ಬಂದು ಬಾಗಿಲಲ್ಲೇ ನಿಂತರು. ನಾನು ತಲೆ ಎತ್ತಲಿಲ್ಲ. ಗಿಡ್ಡ ಡ್ರೈವರನ್ನು ತೋಳಿನ ಕೆಳಗೆ ತೂರಿಸಿ, ಗೀರಿನಲ್ಲಿ ಕೂರಿಸಿ, ಹಿಡಿಯನ್ನು ಅಂಗೈಯಿಂದ ಅದುಮಿದೆ. ಬಿಗಿಗೆ ಒಂದೆಳೆ. ಹಿಂದಕ್ಕೆ. ಅಲ್ಲಾಡಲಿಲ್ಲ. ಮತ್ತೆ ಬಿಗಿಗೆ, ಮತ್ತೆ ಹಿಂದಕ್ಕೆ. ಆಚಾರ್ಯರ ಉಕ್ಕು ಒಂದಿಷ್ಟು ಬಗ್ಗಿದ್ದು ನನ್ನ ಕೈಗೆ ಗೊತ್ತಾಯಿತು, ಮುರಿಯಲಿಲ್ಲ. ಮೂರನೆಯ ಸಲ ಸ್ಕ್ರೂ ಬಿಟ್ಟಿತು. ಟೀಚರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ಎಂಟೂ ಮಿಷನ್‌ಗಳು ಸಾಲಾಗಿ ಓಡಿದವು. ರಿಪೇರಿಯವರು ಹೊರಟು ಹೋಗಿರಲಿಲ್ಲ. ಟೆಂಪೋದವನನ್ನು ಕಳಿಸಿ, ತಾವು ಒಂದೊಂದೇ ಮಿಷನ್ನಿನ ಮುಂದೆ ಬಗ್ಗಿ, ಪ್ರತಿ ಸ್ಕ್ರೂವಿನ ಗೀರಿನಲ್ಲಿ ಉಗುರು ಆಡಿಸಿ ನೋಡುತ್ತಿದ್ದರು. ಕೆತ್ತಿದ ಒಂದು ಗೀರನ್ನಾದರೂ ಹುಡುಕುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹುಡುಕಲಿ ಎಂದು ನಾನು ಚಹಾ ಕುಡಿಯುತ್ತ ಕೂತೆ. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಚಹಾ ಕುಡಿದಿಲ್ಲ.

ಕೊನೆಗೆ ನನ್ನ ಮುಂದೆ ಬಂದು ನಿಂತರು. ಮೇಜಿನ ಮೇಲಿದ್ದ ಹಲಸಿನ ಹಿಡಿಯ ಡ್ರೈವರನ್ನು ಎತ್ತಿ, ತುದಿಯ ನೇರಳೆ ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಎಲ್ಲಿ ಸಿಕ್ತು?"

"ಮಾಡಿಸಿದ್ದು."

"ಅಂಗಡಿಯಲ್ಲಿ ಒಂದು ಮಿಷನ್ ತಿಂಗಳಿನಿಂದ ಕೂತಿದೆ. ತೋಳಿನ ಕೆಳಗಿನದ್ದೇ ಬರುದಿಲ್ಲ. ನನ್ನ ಡ್ರೈವರ್ ಒಂದೂ ಅಲ್ಲಿಗೆ ಹೋಗುದಿಲ್ಲ." ಅವರು ಡ್ರೈವರನ್ನು ಅಂಗೈಯಲ್ಲಿ ತಿರುಗಿಸಿದರು. "ಇದನ್ನು ಒಂದು ದಿನಕ್ಕೆ ಕೊಡ್ತೀರಾ?"

ನಾನು ಅವರ ಕೈಯಿಂದ ಡ್ರೈವರನ್ನು ತೆಗೆದುಕೊಂಡು, ಒರೆಸಿ, ನಾನೇ ಹೊಲಿದ ಮೂರು ಜೇಬಿನ ಚೀಲದಲ್ಲಿ ಅದರ ಜಾಗಕ್ಕೆ ಇಟ್ಟೆ.

"ಡ್ರೈವರ್ ಕೊಡ್ಲಿಕ್ಕಿಲ್ಲ" ಎಂದೆ. "ಬೇಕಾದ್ರೆ ನಾನೇ ಬರ್ತೇನೆ."

ಅವರ ಮುಖ ನೋಡಿದೆ, ಅವರಿಗೂ ನೆನಪಿತ್ತು. ಹದಿನಾರು ದಿನ ಕಾಯಿಸುವ ಆಸೆ ನನಗೆ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೋಮವಾರ ಬೆಳಿಗ್ಗೆ ಅವರು ಅಂಗಡಿಯ ಬೀಗ ತೆಗೆಯುವ ಮೊದಲೇ ನಾನು ಬಾಗಿಲಲ್ಲಿ ನಿಂತಿದ್ದೆ.